ಘಾತ ಎಷ್ಟು, ಸರ್?

ಮೂವತ್ತನಾಲ್ಕು ವರ್ಷ ನಾನು ಹುಕ್ಕೇರಿ ತಾಲೂಕಿನ ಹತ್ತರಗಿ ಸಮೀಪದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದೆ. ನನ್ನ ತರಗತಿಯ ವಹಿಗಳಲ್ಲಿ ಪುಟದ ಬಲಕ್ಕೆ ನಾಲ್ಕು ಬೆರಳು ಜಾಗ ಬಿಟ್ಟು ಒಂದು ಗೆರೆ ಎಳೆದಿರಬೇಕಿತ್ತು. ಗೆರೆಯ ಎಡಕ್ಕೆ ಲೆಕ್ಕದ ಹೆಜ್ಜೆ, ಬಲಕ್ಕೆ ಆ ಹೆಜ್ಜೆಯ ಕಾರಣ. ಕಾರಣದ ಜಾಗ ಖಾಲಿಯಿದ್ದರೆ ಉತ್ತರ ಸರಿಯಿದ್ದರೂ ಸೊನ್ನೆ. ‘ಗೊತ್ತಿರುವ ಸಂಗತಿ’ ಎಂದು ಬರೆದರೂ ಸೊನ್ನೆ. ಪಾಲಕರು ಜಗಳಕ್ಕೆ ಬಂದರು, ಮುಖ್ಯಾಧ್ಯಾಪಕರು ಕೋಣೆಗೆ ಕರೆದು ಹೇಳಿದರು, ನಾನು ಬಗ್ಗಲಿಲ್ಲ. ಹೋದ ವರ್ಷ ಆ ಸೊನ್ನೆ ನನಗೇ ಬಿತ್ತು. ನನ್ನ ಸುತ್ತ ಇದ್ದವರೆಲ್ಲ ಸೇರಿ ಅದನ್ನು ನೂರಕ್ಕೆ ನೂರು ಮಾಡಲು ನೋಡಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಿವೃತ್ತಿಯ ನಂತರ ಗೋಕಾಕದಲ್ಲಿ ಇದ್ದೇನೆ. ಐದಕ್ಕೆ ಏಳುತ್ತೇನೆ. ಐದೂವರೆಗೆ ನಡಿಗೆ, ಆರೂಕಾಲಿಗೆ ಚಹಾ, ಆರೂವರೆಯಿಂದ ಎಂಟರವರೆಗೆ ಪಾಟಿಯ ಮೇಲೆ ಒಂದು ಲೆಕ್ಕ. ಕಾಗದ ನನಗೆ ಒಗ್ಗುವುದಿಲ್ಲ. ಪಾಟಿಯಲ್ಲಿ ತಪ್ಪನ್ನು ಒರೆಸುವಾಗ ಅದು ಅಂಗೈಗೆ ಹತ್ತುತ್ತದೆ. ಹೀಗೆ ವರ್ಷಗಟ್ಟಲೆ ಮಾಡಿದ ಲೆಕ್ಕಗಳಲ್ಲಿ ಚೆನ್ನಾಗಿರುವ ಅರವತ್ತನ್ನು ಆರಿಸಿ ಪುಟಕ್ಕೊಂದರಂತೆ ಒಂದು ವಹಿಯಲ್ಲಿ ಬರೆದಿಟ್ಟಿದ್ದೆ. ಎಲ್ಲವೂ ಶಾಲೆಯ ಮತ್ತು ಪಿಯುಸಿಯ ಗಣಿತದಲ್ಲೇ ಮುಗಿಯುವಂಥವು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಗಣಿತ ಶಿಕ್ಷಕರು ತಿಂಗಳ ಎರಡನೇ ಶನಿವಾರ ಸರತಿಯಂತೆ ಒಂದೊಂದು ಊರಲ್ಲಿ ಸಭೆ ಸೇರುತ್ತಾರೆ. ಆ ಸಭೆ ನನ್ನ ವಹಿಯನ್ನು ಅಚ್ಚು ಹಾಕಿಸಿ ಪಿಯುಸಿ ಮಕ್ಕಳಿಗೆ ಹಂಚಬೇಕೆಂದು ನಿಶ್ಚಯಿಸಿತು. ನನಗೆ ಹಿಗ್ಗಾಯಿತು. ಮುಚ್ಚಿಡುವುದೇಕೆ?

ವಹಿಯ ಕೊನೆಯ ಪುಟ ನನ್ನ ಕಿರೀಟ. ಒಂದು, ಅದಕ್ಕೆ ನಾಲ್ಕನೇ ಒಂದು ಭಾಗ, ಒಂಬತ್ತನೇ ಒಂದು ಭಾಗ, ಹದಿನಾರನೇ ಒಂದು ಭಾಗ, ಹೀಗೆ ಒಂದೊಂದು ಸಂಖ್ಯೆಯ ವರ್ಗವನ್ನೂ ಛೇದದಲ್ಲಿಟ್ಟು ಕೊನೆಯಿಲ್ಲದೆ ಕೂಡುತ್ತ ಹೋದರೆ ಮೊತ್ತ ಎಲ್ಲಿ ನಿಲ್ಲುತ್ತದೆ? ಹತ್ತು ಪದ ಕೂಡಿದರೆ ಒಂದೂವರೆ ದಾಟುತ್ತದೆ. ನೂರು ಪದ ಕೂಡಿದರೂ 1.635 ಮುಟ್ಟುವುದಿಲ್ಲ. ಅದು ಮುಟ್ಟದೆಯೇ ಸಮೀಪಿಸುತ್ತ ಹೋಗುವ ಸಂಖ್ಯೆ ಪೈ ವರ್ಗದ ಆರನೇ ಒಂದು ಭಾಗ. ಪೈ ವೃತ್ತದ ಸೊತ್ತು. ಬರೀ ಭಿನ್ನರಾಶಿಗಳ ಸಾಲಿನಲ್ಲಿ ಎಲ್ಲಿಯ ವೃತ್ತ? ಮೊದಲ ಸಲ ಕೇಳಿದವರ ಮುಖ ನೋಡಬೇಕು.

ಅದಕ್ಕೆ ನನ್ನ ಹತ್ತಿರ ಎರಡು ಸಾಲಿನ ಸಾಧನೆ ಇತ್ತು. ವರ್ಗ ಸಮೀಕರಣದ ಮೂಲಗಳನ್ನು ತಲೆಕೆಳಗು ಮಾಡಿ ಕೂಡಿದರೆ ಬರುವ ಮೊತ್ತವನ್ನು ಸಹಗುಣಕಗಳನ್ನು ನೋಡಿಯೇ ಹೇಳಬಹುದು. ಹತ್ತನೇ ತರಗತಿಯ ಮಾತು. ಸೈನ್ ಎಕ್ಸ್ ಅನ್ನು ಎಕ್ಸ್‌ನಿಂದ ಭಾಗಿಸಿ ಬಿಡಿಸಿದರೆ ಒಂದು, ಕಳೆ ಎಕ್ಸ್ ವರ್ಗದ ಆರನೇ ಒಂದು, ಹೀಗೆ ಕೊನೆಯಿಲ್ಲದ ಒಂದು ಸಾಲು ಬರುತ್ತದೆ. ಎಕ್ಸ್ ವರ್ಗವು ಪೈ ವರ್ಗ, ಅದರ ನಾಲ್ಕರಷ್ಟು, ಒಂಬತ್ತರಷ್ಟು ಆದಾಗಲೆಲ್ಲ ಅದು ಸೊನ್ನೆ. ಅವೇ ಅದರ ಮೂಲಗಳು. ಅವನ್ನು ತಲೆಕೆಳಗು ಮಾಡಿ ಕೂಡಿದರೆ ಆರನೇ ಒಂದು ಬರಬೇಕು. ಪೈ ವರ್ಗದಿಂದ ಗುಣಿಸಿದರೆ ಮುಗಿಯಿತು. ಪ್ರತಿ ವರ್ಷ ಹತ್ತನೇ ತರಗತಿಯ ಪಾಠಗಳು ಮುಗಿದ ಮೇಲೆ, ಕೊನೆಯ ಶುಕ್ರವಾರ, ಇದನ್ನು ಬೋರ್ಡಿನ ಮೇಲೆ ಮಾಡಿ ತೋರಿಸುತ್ತಿದ್ದೆ. ಬಾಯಿ ತೆರೆದು ನೋಡುತ್ತಿದ್ದರು.

ಅಚ್ಚಿಗೆ ಹೋಗುವ ಮೊದಲು ವಹಿಯನ್ನು ತಿದ್ದಿ ಸಹಿ ಮಾಡುವ ಕೆಲಸ ಮೂಡಲಗಿಯ ಪಿಯು ಕಾಲೇಜಿನಲ್ಲಿ ಕಲಿಸುವ ಒಬ್ಬ ಉಪನ್ಯಾಸಕಿಗೆ ಬಂತು. ಮಮದಾಪುರದವಳು, ಕುರಿ ಕಾಯುವ ಮನೆತನದವಳು. ಹತ್ತರಗಿಯ ಸೋದರಮಾವನ ಮನೆಯಲ್ಲಿದ್ದು ಹತ್ತನೆಯವರೆಗೆ ನನ್ನ ಕೈಕೆಳಗೇ ಓದಿದವಳು.

ಮೂಡಲಗಿಯ ಸಭೆಯಲ್ಲಿ ಅವಳು ಐವತ್ತೊಂಬತ್ತು ಪುಟಕ್ಕೆ ಸಹಿ ಮಾಡಿ ತಂದಿದ್ದಳು. ಅರವತ್ತನೆಯದು ಬರಿದಾಗಿತ್ತು.

“ಇದ್ಯಾಕ ಉಳದೈತಿ?” ಎಂದೆ.

“ಸರ್, ಇದರ ಘಾತ ಎಷ್ಟ್ರಿ?” ಎಂದಳು.

ಈ ಪ್ರಶ್ನೆ ನನ್ನದೇ. ಬಹುಪದೋಕ್ತಿ ಬಂದಾಗ ಮೊದಲು ಘಾತ, ಅಂದರೆ ಎಕ್ಸ್‌ನ ತಲೆಯ ಮೇಲಿನ ಅತಿ ದೊಡ್ಡ ಅಂಕಿ, ಹೇಳಿ, ಆಮೇಲೆ ಮೂಲ ಹುಡುಕಿ ಎಂದು ಮೂವತ್ತನಾಲ್ಕು ವರ್ಷ ಮೇಜು ಕುಟ್ಟಿದವನು ನಾನು. ಘಾತ ಎರಡಾದರೆ ಮೂಲ ಎರಡು, ಮೂರಾದರೆ ಮೂರು. ಎಣಿಕೆ ಇದ್ದರೆ ಮಾತ್ರ ಮೊತ್ತದ ಸೂತ್ರ.

“ಇದು ಅನಂತ ಸಾಲು. ಘಾತ ಎಲ್ಲಿಂದ ಬರತೈತಿ?”

“ಹಂಗಾರ ಹತ್ತನೇತ್ತಾದ ಸೂತ್ರ ಇದಕ್ಕ ಹೆಂಗ ಹತ್ತತೈತ್ರಿ? ಕಾರಣದ ಜಾಗಾದಾಗ ‘ಮೂಲಗಳ ಮೊತ್ತದ ಸೂತ್ರ’ ಅಂತ ಬರದೀರಿ. ಎಂದೂ ಸೊನ್ನಿ ಆಗದ ಒಂದು ರಾಶಿ ತಗೋರಿ. ಎರಡರ ತಲಿ ಮ್ಯಾಲ ಎಕ್ಸ್ ವರ್ಗ ಇಡ್ರಿ, ಅದು ಯಾವತ್ತೂ ಸೊನ್ನಿ ಆಗೂದಿಲ್ಲ. ಅದರಿಂದ ನಿಮ್ಮ ಸಾಲನ್ನ ಗುಣಿಸ್ರಿ. ಮೂಲ ಅವ ಉಳೀತಾವು, ಒಂದೂ ಬದಲಾಗೂದಿಲ್ಲ. ಆದ್ರ ಆರನೇ ಒಂದು ಹೋಗಿ ಬ್ಯಾರೆ ಏನೋ ಬರತೈತಿ. ಮೂಲ ಅವ, ಮೊತ್ತ ಬ್ಯಾರೆ. ಯಾವದು ಖರೆ ಸರ್?”

ಸಭೆಯ ಅಧ್ಯಕ್ಷ ಹುಕ್ಕೇರಿಯವನು, ನನ್ನ ಓರಗೆಯವನು, ನನ್ನ ಹಾಗೆ ನಿವೃತ್ತ. ಅವನು ನಕ್ಕು ಹೇಳಿದ:

“ಅಕ್ಕೋರ, ಉತ್ತರ ಸರಿ ಐತಿಲ್ರಿ? ಪೈ ವರ್ಗದ ಆರನೇ ಒಂದು. ಜಗತ್ತಿಗೆ ಗೊತ್ತೈತಿ. ಸಹಿ ಮಾಡಿ ಒಗೀರಿ ಅತ್ಲಾಗ.”

“ಉತ್ತರಕ್ಕ ಸಹಿ ಮಾಡಂದ್ರ ಮಾಡ್ತೇನ್ರಿ. ಸಾಧನಿಗೆ ಮಾಡೂದಿಲ್ಲ.”

ಉಳಿದವರೆಲ್ಲ ಅಧ್ಯಕ್ಷನ ಕಡೆ. ಸರ್ ಹಿರಿಯರು, ಒಂದು ಪುಟಕ್ಕಾಗಿ ಯಾಕೆ ಎಳೆದಾಟ, ಮಕ್ಕಳು ಅಷ್ಟು ಆಳಕ್ಕೆ ನೋಡುವುದಿಲ್ಲ. ನಾನು ವಹಿ ಕಸಿದುಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಕೂತಾಗ ಅವಳ ಮೇಲೆ ಕೆಂಡದಂಥ ಸಿಟ್ಟು. ಮನೆ ಮುಟ್ಟುವ ಹೊತ್ತಿಗೆ ಅದು ಅಧ್ಯಕ್ಷನ ಕಡೆಗೆ ತಿರುಗಿತ್ತು. ಮಕ್ಕಳಿಗೆ ಸೊನ್ನೆ ಕೊಟ್ಟ ತಪ್ಪಿಗೆ ನನಗೆ ಮಾತ್ರ ನೂರು ಕೊಡುವುದೆಂದರೇನು? ಬಿಳಿ ಕೂದಲಿಗೆ ಕೊಟ್ಟ ಭಿಕ್ಷೆಯೇ ಅದು?

ಘಾತದ ಪ್ರಶ್ನೆ ಅವಳ ಬಾಯಿಂದ ನನ್ನ ಕಿವಿಗೆ ಬಿದ್ದದ್ದು ಅದು ಮೊದಲ ಸಲವಾಗಿರಲಿಲ್ಲ. ಅವಳು ಹತ್ತನೆಯಲ್ಲಿದ್ದಾಗ, ಅದೇ ಕೊನೆಯ ಶುಕ್ರವಾರ, ಎರಡನೇ ಸಾಲಿನಿಂದ ಎದ್ದು ನಿಂತು ಇದನ್ನೇ ಕೇಳಿದ್ದಳು: “ಘಾತ ಎಷ್ಟ್ರಿ ಸರ್?” ಎಲ್ಲರೂ ಬಾಯಿ ತೆರೆದು ನೋಡುವ ಹೊತ್ತಿನಲ್ಲಿ ಅವಳೊಬ್ಬಳು ನಾನು ಕಲಿಸಿದ್ದನ್ನು ನೆನಪಿಟ್ಟಿದ್ದಳು. “ನಿನಗಿದು ತಿಳಿಯೂದಿಲ್ಲ. ಹೋಗಿ ಕುರಿ ಎಣಸು” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವಳು ಕೂತಳು. ನಾನು ಸಾಧನೆ ಮುಗಿಸಿ ಕೈಯ ಸುಣ್ಣ ಝಾಡಿಸಿಕೊಂಡು ಹೊರಬಂದೆ. ಆ ದಿನ ಮನೆಯಲ್ಲಿ ಎರಡು ರೊಟ್ಟಿ ಹೆಚ್ಚಿಗೆ ಉಂಡೆ ಎಂಬುದೂ ನೆನಪಿದೆ.

ಮರುದಿನದಿಂದ ಆರೂವರೆಗೆ ಪಾಟಿ ಹಿಡಿದು ಕೂತೆ. ಇದೇ ಸಾಧನೆಯನ್ನು ಸುಮಾರು ಮುನ್ನೂರು ವರ್ಷಗಳ ಹಿಂದೆ ಯುರೋಪಿನ ಒಬ್ಬ ಮಹಾ ಗಣಿತಜ್ಞನೇ ಮೊದಲು ಕೊಟ್ಟಿದ್ದ ಎಂದು ನಾನು ಓದಿದ್ದೆ. ಅದರಲ್ಲಿ ತೂತಿದೆ ಎಂದು ಅವನ ಕಾಲದವರೇ ಹೇಳಿದ್ದರು, ಅವನು ಬೇರೆ ದಾರಿಗಳನ್ನೂ ಹುಡುಕಿದ್ದ ಎಂಬುದನ್ನೂ ಓದಿದ್ದೆ. ಆ ಎರಡನೇ ಭಾಗವನ್ನು ಸದ್ದಿಲ್ಲದೆ ಮರೆತಿದ್ದೆ. ಅವನು ಕತ್ತಲಲ್ಲಿ ದಾರಿ ಹುಡುಕಿದವನು, ಅವನಿಗೆ ಕ್ಷಮೆ ಇದೆ. ಹಾಸಿದ ರಸ್ತೆಯಲ್ಲಿ ಹೋಗುವ ನನಗೆ ಎಲ್ಲಿಯ ಕ್ಷಮೆ?

ಹೆಂಡತಿ ಚಹಾ ತಂದಿಟ್ಟು ನೋಡಿದಳು. “ಪಾಟಿ ಒಡೀತೀರಿ ಹಂಗ ಒರಸಿದ್ರ.”

“ನಿನಗ ಗೊತ್ತಾಗೂದಿಲ್ಲ.”

“ಗೊತ್ತಾಗದಿರಾಕ ಏನೈತಿ? ಎಂಟು ದಿನಾ ಆತು, ಅನ್ನಕ್ಕ ಉಪ್ಪು ಕಡಿಮಿ ಅಂತ ನನ್ನ ಮ್ಯಾಲ, ಪೇಪರ್ ತಡಾ ಆತು ಅಂತ ಪೇಪರಿನವನ ಮ್ಯಾಲ. ಲೆಕ್ಕಾ ತಪ್ಪಿದಾವ್ರು ನೀವು, ಬೈಸ್ಕೋಳಾವ್ರು ನಾವು. ಹೋಗಿ ಆಕೀನ್ನ ಕೇಳ್ರಿ.”

“ನಾ ಕಲಿಸಿದಾಕೀನ್ನ ನಾನ ಕೇಳ್ಲೇನು?”

“ಮತ್ಯಾರನ್ನ ಕೇಳ್ತೀರಿ? ಉಪ್ಪಿನ ಡಬ್ಬೀನ್ನ ಕೇಳ್ರಿ ಹಂಗಾರ.”

ಅಚ್ಚಿಗೆ ಕೊಡಲು ಮುಂದಿನ ಸಭೆಯೇ ಗಡುವು. ಅಧ್ಯಕ್ಷ ಎರಡು ಸಲ ಫೋನು ಮಾಡಿ, “ಸಹಿ ನಾ ಹಾಕ್ತೇನಿ, ನೀ ಕಳಿಸು ಮಾರಾಯಾ” ಎಂದ. ಎರಡನೇ ಸಲ ಅವನ ಮಾತು ಮುಗಿಯುವ ಮೊದಲೇ ಫೋನು ಇಟ್ಟೆ. ಆ ಭಾನುವಾರ ಮಧ್ಯಾಹ್ನದ ಬಸ್ಸಿಗೆ ಮಮದಾಪುರಕ್ಕೆ ಹೋದೆ. ಕೇಳಲು ಹೋಗಿದ್ದೆನೋ ಜಗಳ ತೆಗೆಯಲು ಹೋಗಿದ್ದೆನೋ ಈಗಲೂ ಹೇಳಲಾರೆ.

ಅವಳು ರಜೆಗೆ ತವರಿಗೆ ಬಂದಿದ್ದಳು. ಮನೆಯಲ್ಲಿರಲಿಲ್ಲ. ಅವಳ ಅಪ್ಪ ಯಾರದೋ ಕೊಯ್ಲಾದ ಹೊಲದಲ್ಲಿ ಹಿಕ್ಕೆಯ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿದ್ದ. ಅವಳು ಅಲ್ಲಿಗೆ ಬುತ್ತಿ ಒಯ್ದಿದ್ದಳು. ಹೊಲದ ಬದುವಿನ ಮೇಲೆ ನಡೆದು ಹೋದೆ. ಬಿಸಿಲು ಇಳಿಯುತ್ತಿತ್ತು. ಅಪ್ಪ ಗೂಟ ನೆಟ್ಟು ಬಲೆ ಸುತ್ತಿ ದಡ್ಡಿ ಹಾಕುತ್ತಿದ್ದ. ಒಂದು ಕಡೆ ಎರಡು ಕುರಿ ಹಾಯುವಷ್ಟೇ ಕಂಡಿ ಬಿಟ್ಟಿದ್ದ. ಮಗಳು ಹೊರಗಿನಿಂದ ಕುರಿಗಳನ್ನು ತರುಬಿ ಕಳಿಸುತ್ತಿದ್ದಳು, ಅವನು ಕಂಡಿಯಲ್ಲಿ ನಿಂತು ಜೋಡಿಜೋಡಿಯಾಗಿ ಎಣಿಸಿ ಒಳಗೆ ಬಿಡುತ್ತಿದ್ದ.

ನನ್ನನ್ನು ನೋಡಿ, “ಬರ್ರಿ ಮಾಸ್ತರ, ಕುಂದರ್ರಿ. ಮಾತಾಡಿಸಬ್ಯಾಡ್ರಿ, ಎಣಿಕಿ ತಪ್ಪತೈತಿ” ಎಂದ. ಕಲ್ಲಿನ ಮೇಲೆ ಕೂತೆ. ಎಣಿಕೆ ಮುಗಿಯಿತು. ಏನಾದರೂ ಮಾತಾಡಬೇಕಲ್ಲ ಎಂದು, “ಮೇಯೂಮುಂದನ ಎಣಸಿದ್ರ ಆಗೂದಿಲ್ಲೇನು?” ಎಂದೆ.

ಅವನು ನಕ್ಕ. “ಹೊರಗ ಮೇಯೋ ಕುರಿ ಹೆಂಗ ಎಣಸ್ತೀರ್ರಿ? ಎಣಸಿದ್ದು ಮತ್ತ ಹಿಂದ ಬರತೈತಿ, ಎಣಸದ್ದು ಮುಂದ ಹೋಗತೈತಿ. ಮೊದಲ ದಡ್ಡಿ ಹಾಕಬೇಕು. ಒಳಗ ಬಂದಾವನ್ನ ಎಣಸಬೇಕು. ಹೊರಗ ಎಷ್ಟ ಉಳದಾವು ಅನ್ನೂದು ಆಮ್ಯಾಲಿನ ಮಾತು.”

ಮಗಳು ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿರ ಬಂದಳು. ನಾನು ವಹಿ ತೆಗೆದೆ. ಅವಳು ತೆರೆಯಲೇ ಇಲ್ಲ. ತಲೆಯಿಂದ ದಡ್ಡಿಯ ಕಡೆ ತೋರಿಸಿ ಹೇಳಿದಳು:

“ನೀವು ದಡ್ಡಿ ಹಾಕದನ ಎಣಿಸೀರಿ ಸರ್.”

ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷದ ಹಿಂದಿನ ಮಾತನ್ನು ತಿರುಗಿಸಿ ಎಸೆದಳು ಎಂದುಕೊಂಡೆ. “ಹಂಗಾರ ನೀನ ಬರದು ಕೊಡು” ಎಂದು ಒರಟಾಗಿ ಹೇಳಿದೆ.

“ನಾ ಬರದ್ರ ಅದು ನನ್ನ ಪುಟಾ ಆಗತೈತ್ರಿ. ವಹಿ ನಿಮ್ಮದು.” ಅಪ್ಪನ ಕಡೆ ತಿರುಗಿ, “ಅಪ್ಪಾ, ಸರ್‍ಗ ಹಾಲು ಕಾಸೂಣೇನು?” ಎಂದಳು. ನಾನು ನಿಲ್ಲಲಿಲ್ಲ. ಬಸ್ಸು ಇದೆ ಎಂದು ಸುಳ್ಳು ಹೇಳಿ ಹೊರಟೆ. ಬಸ್ಸಿಗೆ ಒಂದು ತಾಸು ಇತ್ತು.

ಆ ಒಂದು ತಾಸು ನಿಲ್ದಾಣದ ಕಟ್ಟೆಯ ಮೇಲೆ ಸಿಟ್ಟಿನಿಂದ ಕೂತಿದ್ದಾಗ ಅರ್ಥವಾಯಿತು: ಅವಳು ಕುಟುಕಿದ್ದಳೋ ಇಲ್ಲವೋ, ದಾರಿ ಮಾತ್ರ ಹೇಳಿದ್ದಳು. ಮೊದಲು ಎಣಿಕೆಗೆ ಸಿಗುವಷ್ಟನ್ನು ಕಟ್ಟಿಹಾಕು. ಘಾತ ಇರುವ ಬಹುಪದೋಕ್ತಿ ಹುಡುಕು. ಹತ್ತನೆಯ ಸೂತ್ರ ಅಲ್ಲಿ ನಿಜವಾಗಿ ಹತ್ತುತ್ತದೆ. ಅನಂತಕ್ಕೆ ಆಮೇಲೆ ಹೋಗು.

ಮರುದಿನ ಬೆಳಗ್ಗೆ ಹಳೆಯ ಪಿಯುಸಿ ಪುಸ್ತಕದಲ್ಲಿ ಒಂದು ಕೋನದ ಬೆಸ ಪಟ್ಟಿನ ಸೈನ್ ಬಿಡಿಸುವ ಸೂತ್ರ ತೆಗೆದೆ. ನೂರ ಎಂಬತ್ತು ಡಿಗ್ರಿಯನ್ನು ಐದು ಪಾಲು ಮಾಡಿದರೆ ಲಂಬಕೋನದ ಒಳಗೆ ಎರಡು ಕೋನ ಸಿಗುತ್ತವೆ: ಮೂವತ್ತಾರು, ಎಪ್ಪತ್ತೆರಡು. ಇವುಗಳ ಕಾಟ್‌ಗಳ, ಅಂದರೆ ಟ್ಯಾನ್ ತಲೆಕೆಳಗಾದವುಗಳ, ವರ್ಗಗಳು ಎರಡನೇ ಘಾತದ ಒಂದು ಸಮೀಕರಣದ ಮೂಲಗಳಾಗುತ್ತವೆ ಎಂದು ಸೂತ್ರ ಹೇಳಿತು. ಎರಡೇ ಮೂಲ, ಎರಡೇ ಘಾತ. ಮೊತ್ತ ಎರಡು ಎಂದು ಸಹಗುಣಕಗಳು ಹೇಳಿದವು. ನಂಬದೆ ಕೋಷ್ಟಕ ತೆಗೆದೆ. ಒಂದರ ಕಾಟ್ 1.3764, ಇನ್ನೊಂದರದು 0.3249. ವರ್ಗ ಮಾಡಿ ಕೂಡಿದೆ. ಎರಡು ಮತ್ತು ಕೂದಲೆಳೆಯಷ್ಟು. ಆ ಕೂದಲೆಳೆ ಕೋಷ್ಟಕದ ಕೊನೆಯ ಅಂಕಿಯ ದೋಷ. ಏಳು ಪಾಲು ಮಾಡಿದೆ: ಮೂರು ಕೋನ, ಮೊತ್ತ ಐದು. ಎಷ್ಟೇ ಬೆಸ ಪಾಲು ಮಾಡಿದರೂ ಮೊತ್ತ ಒಂದು ಸರಳ ಸೂತ್ರಕ್ಕೆ ಬಗ್ಗಿತು. ಎಂಟು ಗಂಟೆ ಯಾವಾಗ ದಾಟಿತೋ ಗೊತ್ತಾಗಲಿಲ್ಲ. ನಿವೃತ್ತನಾದ ಮೇಲೆ ಮೊದಲ ಸಲ ನನ್ನ ಸ್ನಾನ ತಡವಾಯಿತು.

ಉಳಿದದ್ದು ಬಲೆ ಬಿಗಿಯುವ ಕೆಲಸ. ರೇಡಿಯನ್‌ನಲ್ಲಿ ಅಳೆದ ಲಘುಕೋನದ ವರ್ಗವನ್ನು ತಲೆಕೆಳಗು ಮಾಡಿದರೆ ಅದು ಆ ಕೋನದ ಕಾಟ್ ವರ್ಗಕ್ಕಿಂತ ದೊಡ್ಡದು, ಅದಕ್ಕೆ ಒಂದು ಕೂಡಿಸಿದ್ದಕ್ಕಿಂತ ಚಿಕ್ಕದು. ಒಳಗೊಂದು ಬಲೆ, ಹೊರಗೊಂದು ಬಲೆ. ನಮ್ಮ ಶ್ರೇಣಿಯ ಅಷ್ಟು ಪದಗಳು ಎರಡರ ನಡುವೆ ಸಿಕ್ಕಿಬೀಳುತ್ತವೆ. ಪಾಲುಗಳನ್ನು ಹೆಚ್ಚಿಸುತ್ತ ಹೋದ ಹಾಗೆ ಎರಡು ಬಲೆಗಳ ನಡುವಿನ ಸಂದು ಕಿರಿದಾಗುತ್ತ ಎರಡೂ ಪೈ ವರ್ಗದ ಆರನೇ ಒಂದರ ಕಡೆಗೇ ಬರುತ್ತವೆ. ನಡುವಿನದಕ್ಕೆ ಬೇರೆ ಜಾಗ ಉಳಿಯುವುದಿಲ್ಲ. ಇದು ನನ್ನ ಶೋಧವಲ್ಲ. ದೊಡ್ಡವರು ಬಹಳ ಹಿಂದೆಯೇ ಈ ದಾರಿ ತುಳಿದಿದ್ದರೆಂದು ಆಮೇಲೆ ತಿಳಿಯಿತು. ಆದರೆ ಪ್ರತಿ ಹೆಜ್ಜೆಯೂ ನನ್ನ ಪಾಟಿಯ ಮೇಲೆ ನನ್ನ ಕೈಯಿಂದ ಬಂದದ್ದು. ಹಳೆಯ ಅರವತ್ತನೇ ಪುಟವನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ ತೆಗೆದೆ. ಹೊಸದು ನಾಲ್ಕು ಪುಟವಾಯಿತು.

ಹುಕ್ಕೇರಿಯ ಸಭೆಯಲ್ಲಿ ಹತ್ತೂವರೆಗೆ ಬೋರ್ಡಿನ ಮುಂದೆ ನಿಂತೆ. ಬಲಕ್ಕೆ ಗೆರೆ ಎಳೆದೆ. ಅವಳು ಮೊದಲ ಬೆಂಚಿನಲ್ಲಿ ಕೂತಿದ್ದಳು. ಪ್ರತಿ ಹೆಜ್ಜೆ ಬರೆದು ತಿರುಗಿದಾಗ, “ಕಾರಣ?” ಎನ್ನುತ್ತಿದ್ದಳು. ಬರೆಯುತ್ತಿದ್ದೆ. “ಹೂಂ. ಮುಂದ.” ಹೀಗೆ ಹನ್ನೆರಡು ಹೆಜ್ಜೆ ಹೋಯಿತು. ಹದಿಮೂರನೆಯದು, ಲಘುಕೋನ ತನ್ನ ಟ್ಯಾನ್‌ಗಿಂತ ಚಿಕ್ಕದು ಎಂಬುದು.

“ಕಾರಣ?”

ಕೈಯಲ್ಲಿದ್ದ ಹಾಳೆ ನೋಡಿದೆ. ಅಲ್ಲಿ ನನ್ನ ದುಂಡು ಅಕ್ಷರದಲ್ಲಿ, ನನಗರಿವಿಲ್ಲದೆ ಬಿದ್ದ ಎರಡು ಪದ: ‘ಗೊತ್ತಿರುವ ಸಂಗತಿ’.

ಅಧ್ಯಕ್ಷ ಗಡಿಯಾರ ನೋಡಿ ಎದ್ದ. “ಅಕ್ಕೋರ, ಅದು ಎಲ್ಲಾರಿಗೂ ಗೊತ್ತಿದ್ದದ್ದ ಐತಿ ಬಿಡ್ರಿ. ಊಟಾ ಆರಾಕತ್ತೈತಿ.”

“ಊಟಾ ಆರಲಿ!” ನಾನು ಕೂಗಿದ್ದು ಪಕ್ಕದ ಕೋಣೆಗೂ ಕೇಳಿಸಿರಬೇಕು. “ಗೊತ್ತಿದ್ರ ಹೇಳೋ ನೀನ. ಬಾ ಇಲ್ಲಿ, ಸುಣ್ಣದ ಕಡ್ಡಿ ಹಿಡಿ. ಮೂವತ್ತು ವರ್ಷ ಮಕ್ಕಳ ಮಾರ್ಕ್ಸ್ ಕಡದೀವಿ ಇಬ್ರೂ. ಈಗ ನಮ್ಮ ಸರತಿ ಬಂದ್ರ ಊಟಾ ಆರತೈತೇನು?”

ಅವನು ಕೂತ. ನಾನು ಒಂದು ವೃತ್ತ ಎಳೆದೆ, ತ್ರಿಜ್ಯ ಒಂದು. ಕೇಂದ್ರದಿಂದ ಎರಡು ಗೆರೆ, ಒಂದರ ತುದಿಯಲ್ಲಿ ಸ್ಪರ್ಶಕ. ರೊಟ್ಟಿಯ ಚೂರಿನಂಥ ತ್ರಿಜ್ಯಾಂತರ ಖಂಡ ಇಡಿಯಾಗಿ ಹೊರಗಿನ ತ್ರಿಭುಜದ ಒಳಗೆ ಕೂತಿತು. ಖಂಡದ ಕ್ಷೇತ್ರಫಲ ಕೋನದ ಅರ್ಧ, ತ್ರಿಭುಜದ್ದು ಟ್ಯಾನ್‌ನ ಅರ್ಧ. ಒಳಗಿರುವುದು ಹೊರಗಿನದಕ್ಕಿಂತ ಚಿಕ್ಕದು. ಹಾಳೆಯ ಮೇಲಿನ ಎರಡು ಪದ ಹೊಡೆದು ಹಾಕಿ ಚಿತ್ರವನ್ನು ಅಲ್ಲಿಯೇ ಬರೆದುಕೊಂಡೆ.

“ಹೂಂ,” ಎಂದಳು. “ಮುಂದ.”

ಸಾಧನೆ ಮುಗಿದಾಗ ಹನ್ನೆರಡೂಕಾಲು. ಮೊದಲ ಹೆಜ್ಜೆಯ ಬದಿಗೆ ನಾನು ಒಂದು ಸಾಲು ಹೆಚ್ಚಿಗೆ ಬರೆದಿದ್ದೆ: ದಡ್ಡಿ ಹಾಕದೆ ಎಣಿಸಲಾಗದು, ಮಮದಾಪುರದ ಒಬ್ಬ ಕುರಿಗಾರರು ಹೇಳಿದ್ದು. ಅವಳು ಅದನ್ನು ಓದಿ ಪೆನ್ನು ಎತ್ತಿದಳು, ಒಂದೇ ಗೆರೆಯಲ್ಲಿ ಹೊಡೆದಳು.

“ಯಾಕ?”

“ಅದು ನಮ್ಮಪ್ಪನ ಮಾತ್ರಿ. ಗಣಿತದ ಕಾರಣ ಅಲ್ಲ.”

ಅವಳು ಹೇಳಿದ್ದೇ ಸರಿ. ಅದಕ್ಕೂ ಸಿಟ್ಟು ಬಂತು. ಅವಳು ನಾಲ್ಕೂ ಪುಟಕ್ಕೆ ಸಹಿ ಮಾಡಿ ವಹಿ ಮುಚ್ಚಿದಳು. ಎಲ್ಲರೂ ಊಟಕ್ಕೆ ಎದ್ದರು. ಬಾಗಿಲ ಹತ್ತಿರ ಅವಳನ್ನು ನಿಲ್ಲಿಸಿದೆ. ಅಧ್ಯಕ್ಷನೂ ಇನ್ನಿಬ್ಬರೂ ಅಲ್ಲೇ ಇದ್ದರು; ಇರಲಿ ಎಂದೇ ಹೇಳಿದೆ.

“ಹತ್ತನೇತ್ತಾದಾಗ ನಿನಗ ನಾ ಒಂದ ಮಾತ ಅಂದಿದ್ದೆ.”

“ನೆನಪೈತ್ರಿ.”

“ಅದಕ್ಕ ಕಾರಣ ಇರಲಿಲ್ಲ.”

“ಗೊತ್ತೈತ್ರಿ ಸರ್,” ಎಂದಳು. ಅಷ್ಟೇ. ಚೀಲ ಹೆಗಲಿಗೆ ಹಾಕಿಕೊಂಡು, ಮೂಡಲಗಿ ಬಸ್ಸಿಗೆ ಹೊತ್ತಾಯಿತೆಂದು ಊಟಕ್ಕೂ ನಿಲ್ಲದೆ ಹೋದಳು.

ಇರಲಿ ಬಿಡಿ ಸರ್, ಹಳೆಯ ಮಾತು ಎನ್ನುತ್ತಾಳೆಂದು ಕಾದಿದ್ದೆ. ಅನ್ನಲಿಲ್ಲ. ನಾನೂ ಊಟಕ್ಕೆ ನಿಲ್ಲದೆ ಗೋಕಾಕದ ಬಸ್ಸು ಹತ್ತಿದೆ. ಘಟಪ್ರಭೆ ದಾಟುವವರೆಗೂ ಆ ಸಿಟ್ಟು ಕುದಿಯುತ್ತಿತ್ತು. ಇಷ್ಟು ವಯಸ್ಸಾದವನು ಮೂವರ ಮುಂದೆ ತಪ್ಪೊಪ್ಪಿಕೊಂಡರೆ ಒಂದು ಮಾತಿಗೂ ಬಡತನವೇ? ಧುಪದಾಳದ ಅಣೆಕಟ್ಟಿನ ಕಡೆಯಿಂದ ನೀರಿನ ತಂಪು ಗಾಳಿ ಕಿಟಕಿಗೆ ಬಂದಾಗ ವಹಿ ತೆರೆದು ಅವಳ ಸಹಿ ನೋಡಿದೆ. ಅವಳು ಹಾಗೆ ಅಂದಿದ್ದರೆ ಅದೂ ಅಧ್ಯಕ್ಷ ಕೊಡಲು ಬಂದ ನೂರಂಕಿಯೇ ಆಗುತ್ತಿತ್ತು. ಬಲಬದಿ ಖಾಲಿಯಿದ್ದ ಹೆಜ್ಜೆಗೆ ಅವಳು ಅಂಕ ಕೊಡಲಿಲ್ಲ. ಹಾಗೆ ಮಾಡಲು ಅವಳಿಗೆ ಕಲಿಸಿದವನು ನಾನೇ.

ವಹಿ ಮುಚ್ಚಿ ಚೀಲದಲ್ಲಿಟ್ಟೆ. ಮನೆ ಮುಟ್ಟಿದಾಗ ಮೂರು ಗಂಟೆ ಹತ್ತು ನಿಮಿಷ. ತಡವಾಗಿತ್ತು. ಹೆಂಡತಿ ಬಡಿಸಿದ ಅನ್ನದಲ್ಲಿ ಉಪ್ಪು ಕಡಿಮೆ ಇತ್ತು, ಸುಮ್ಮನೆ ಉಂಡೆ.